ಒಂಬತ್ತು ಉಗುರು, ಎಪ್ಪತ್ತೊಂದು ನಿಮಿಷ

ಅವಳಿಗೆ ನಿಧಾನಕ್ಕ ಎಂದು ಹೆಸರಿಟ್ಟವರು ಪಾರ್ಲರಿನ ಮಾಲೀಕಮ್ಮ. ಪ್ರೀತಿಯಿಂದ ಇಟ್ಟ ಹೆಸರು ಎಂದು ಅವರೇ ಹೇಳುತ್ತಿದ್ದರು. ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ಅಷ್ಟು ಸಲ ಹೇಳಿ ನಂಬಿಸಬೇಕಾದ ಪ್ರೀತಿ ಎಂಥದೋ, ಅದು ಅವರಿಗೇ ಗೊತ್ತು.

ಪಾರ್ಲರು ಇದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಹದಿನೇಳು ಮೆಟ್ಟಿಲು. ಕೆಳಗಿನಿಂದ ಚಪ್ಪಲಿ ಅಂಟಿಸುವ ಗೋಂದಿನ ವಾಸನೆ ಹತ್ತುತ್ತಿತ್ತು, ಮೇಲಿನಿಂದ ಉಗುರು ಅಂಟಿಸುವ ಔಷಧಿಯ ವಾಸನೆ ಇಳಿಯುತ್ತಿತ್ತು. ಎರಡೂ ಒಂಬತ್ತನೇ ಮೆಟ್ಟಿಲಲ್ಲಿ ಸೇರಿ, ಹತ್ತಿ ಬರುವವರ ತಲೆ ಚಿಟ್ಟೆನ್ನಿಸುತ್ತಿದ್ದವು. ಒಳಗೆ ಬಂದರೆ ಬಲಗಡೆ ಕೂದಲು ಕತ್ತರಿಸುವ ಎರಡು ಕುರ್ಚಿ, ಹಿಂದೆ ತಲೆ ತೊಳೆಯುವ ಬೇಸಿನ್ನು, ಎಡಗಡೆ ಕಿಟಕಿಯ ಪಕ್ಕ ಉಗುರಿನ ಮೇಜು. ಆ ಮೇಜಿನ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತಿತ್ತು. ಉಗುರಿನ ಕೆಲಸಕ್ಕೆ ಅಂಥ ಬೆಳಕು ಇನ್ನೆಲ್ಲಿಯೂ ಇರಲಿಲ್ಲ.

ಹನ್ನೊಂದು ವರ್ಷ ನಿಧಾನಕ್ಕ ಆ ಬೇಸಿನ್ನಿನ ಮುಂದೆ ನಿಂತು ಊರಿನವರ ತಲೆ ತೊಳೆದಿದ್ದಳು. ಶಾಂಪೂ ನೊರೆಯಲ್ಲಿ ನೆನೆದು ನೆನೆದು ಬೆರಳ ಸಂದುಗಳು ಬಿರಿದಿದ್ದವು, ಸೊಂಟ ಬಾಗಿ ಹಾಗೇ ನಿಂತಿತ್ತು. ಮೂವತ್ತೆಂಟನೇ ವಯಸ್ಸಿನಲ್ಲಿ ತನ್ನ ಎಡಗೈಯ ಮೇಲೆ ತಾನೇ ಉಗುರು ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ ಈ ಕೆಲಸ ಕಲಿತಳು. ಕಿಟಕಿಯ ಮೇಜಿಗೆ ಬಂದ ದಿನ ಆ ಮೇಜನ್ನು ಮೂರು ಸಲ ಒರೆಸಿದಳಂತೆ. ಮೂರನೇ ಸಲ ಒರೆಸುವಾಗ ಅಲ್ಲಿ ಧೂಳೇ ಇರಲಿಲ್ಲ.

ಕೃತಕ ಉಗುರು ಕಟ್ಟುವುದು ಒಂದು ದಿನದ ಕೆಲಸ, ಅದನ್ನು ಉಳಿಸಿಕೊಂಡು ಹೋಗುವುದು ಸಂಸಾರ ಮಾಡಿದ ಹಾಗೆ. ಉಗುರಿನ ಮೇಲೆ ಬಳಿದು ಗಟ್ಟಿಮಾಡಿದ ಅಂಟು, ಅಂದರೆ ಜೆಲ್ಲು, ಕಟ್ಟಿದಲ್ಲೇ ಇರುತ್ತದೆ. ಅಡಿಯ ಸ್ವಂತ ಉಗುರು ಯಾರ ಅಪ್ಪಣೆಯನ್ನೂ ಕೇಳದೆ ಬೆಳೆಯುತ್ತದೆ. ಮೂರು ವಾರಕ್ಕೆ ಬುಡದಲ್ಲಿ ಖಾಲಿ ಜಾಗ ಕಾಣುತ್ತದೆ. ಆಗ ಹಳೆಯ ಜೆಲ್ಲನ್ನು ಫೈಲು ಎಂಬ ಉಜ್ಜುವ ಪಟ್ಟಿಯಿಂದ ಉಜ್ಜಿ ತೆಳುಮಾಡಿ, ಎದ್ದ ಅಂಚನ್ನು ತೆಗೆದು, ಬುಡದಲ್ಲಿ ಹೊಸ ಜೆಲ್ಲು ತುಂಬಿ, ದೀಪದ ಪೆಟ್ಟಿಗೆಯಲ್ಲಿಟ್ಟು ಗಟ್ಟಿಮಾಡಬೇಕು. ಇದಕ್ಕೆ ರೀಫಿಲ್ ಎನ್ನುತ್ತಾರೆ. ನಿಧಾನಕ್ಕನಿಗೆ ಒಂದು ರೀಫಿಲ್ಲಿಗೆ ಎರಡೂಕಾಲು ಗಂಟೆ ಬೇಕಾಗುತ್ತಿತ್ತು. ಅವಳ ಪಕ್ಕದಲ್ಲಿ ಸಣ್ಣ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿಗೆ ಐವತ್ತೈದೇ ನಿಮಿಷ. ಅವಳಿಗೆ ಮಾಲೀಕಮ್ಮ ಇಟ್ಟ ಹೆಸರು ಮಿಂಚು. ಅದನ್ನು ಮಾತ್ರ ಪ್ರೀತಿಯಿಂದ ಇಟ್ಟದ್ದು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೀಗಿರುವಾಗ ಮಾಲೀಕಮ್ಮನ ತಲೆಗೆ ವೇಗ ಹೊಕ್ಕಿತು. ಎಲ್ಲಿಂದಲೋ ಒಬ್ಬ ತರಬೇತಿಯವನನ್ನು ಕರೆಸಿದರು. ಸಮಯ ಉಳಿಸುವ ಬಗ್ಗೆ ಮಾತಾಡಲು ಬಂದವನು ನಲವತ್ತು ನಿಮಿಷ ತಡವಾಗಿ ಬಂದ. ಬಂದವನು ಮೂರೂವರೆ ಗಂಟೆ ಮಾತಾಡಿದ. ಗೋಡೆಯ ಮೇಲೆ ಬಣ್ಣಬಣ್ಣದ ಬಾಣಗಳ ಚಿತ್ರ ಬಿಟ್ಟ. ಅವನ ಉಗುರುಗಳನ್ನು ಅವನೇ ಕಚ್ಚಿಕೊಂಡಿದ್ದು ನಿಧಾನಕ್ಕನಿಗೆ ಕಂಡಿತು. ಕೊನೆಯಲ್ಲಿ ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದ.

"ಫೈಲು ಹೇಗೆ ಹಿಡ್ಕೊಂಡ್ರೆ ಬೇಗ ಆಗತ್ತೆ ಸಾರ್?" ಎಂದಳು ನಿಧಾನಕ್ಕ.

"ಫೈಲನ್ನ ಮನಸ್ಸಲ್ಲಿ ಹಿಡ್ಕೋಬೇಕು," ಎಂದ ಅವನು.

ಮಾಲೀಕಮ್ಮ ಇದನ್ನು ಬರೆದುಕೊಂಡರು.

ಮಾರನೇ ದಿನ ಗೋಡೆಗೆ ಕೆಂಪು ಅಂಕಿಗಳ ಗಡಿಯಾರ ಬಂತು. ಎಪ್ಪತ್ತೈದು ನಿಮಿಷದಿಂದ ಹಿಂದಕ್ಕೆ ಎಣಿಸಿಕೊಂಡು ಬಂದು, ಸೊನ್ನೆಗೆ ಮುಟ್ಟಿದಾಗ ಕರ್ರೆಂದು ಕೂಗುತ್ತಿತ್ತು. ಮೊದಲ ದಿನವೇ ಅದರ ಕೂಗಿಗೆ ಒಬ್ಬರು ಗಿರಾಕಿ ಬೆಚ್ಚಿಬಿದ್ದು, ಹಸಿ ಜೆಲ್ಲಿನ ಬೆರಳನ್ನು ತಮ್ಮ ಮೂಗಿಗೇ ಒರೆಸಿಕೊಂಡರು. ಅದನ್ನು ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ವೇಗಕ್ಕಾಗಿ ತಂದ ಗಡಿಯಾರ ಹೀಗೆ ಮೊದಲ ದಿನವೇ ಇಪ್ಪತ್ತು ನಿಮಿಷ ನುಂಗಿತು. ಅದನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ.

"ನೋಡು ನಿಧಾನಕ್ಕ," ಎಂದರು ಮಾಲೀಕಮ್ಮ, "ಇನ್ನು ಮೂರು ವಾರ ಟೈಮಿದೆ. ಅವತ್ತು ಶುಕ್ರವಾರ ಬೆಳಿಗ್ಗೆ ನಿನಗೊಬ್ಬ ಗಿರಾಕಿ, ಮಿಂಚುಗೊಬ್ಬ ಗಿರಾಕಿ. ಹತ್ತು ಉಗುರು, ಎಪ್ಪತ್ತೈದು ನಿಮಿಷ. ಮುಗಿಸಿದ್ರೆ ಕಿಟಕಿ ಮೇಜು ನಿಂದೇ. ಆಗ್ಲಿಲ್ವಾ, ಬೇಸಿನ್ನು ಹೇಗೂ ಖಾಲಿ ಇದೆ. ನಾನೇನು ನಿನ್ನ ಆಚೆ ಹಾಕ್ತಿಲ್ಲಪ್ಪ, ಒಳಗೇ ಇರು ಅಂತಿದೀನಿ."

"ಆಯ್ತು ಮೇಡಂ," ಎಂದಳು ನಿಧಾನಕ್ಕ. ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ತನ್ನ ಬೆರಳ ಸಂದುಗಳನ್ನು ನೋಡಿಕೊಂಡಳು. ಬಿರುಕು ಮುಚ್ಚಿಕೊಳ್ಳಲು ಒಂದು ವರ್ಷ ಹಿಡಿದಿತ್ತು.

ಮನೆಯಲ್ಲಿ ಇದ್ದದ್ದು ಗಂಡ ಮತ್ತು ಅತ್ತೆ. ಗಂಡ ಬಸ್ಸು ಓಡಿಸುವವನು. ಇಡೀ ದಿನ ಹಾರನ್ನು ಕೇಳಿ ಸುಸ್ತಾಗಿ ಬರುತ್ತಿದ್ದುದರಿಂದ ಮನೆಯಲ್ಲಿ ಯಾವ ಸದ್ದಿಗೂ ಉತ್ತರ ಕೊಡುವುದನ್ನು ಬಿಟ್ಟಿದ್ದ. ಅತ್ತೆಗೆ ಎಪ್ಪತ್ತೊಂಬತ್ತು. ಮೂವತ್ತು ವರ್ಷ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರು ಹೊಲಿದವರು. ಈಗ ಹೊಲಿಯಲು ಕಾಲರು ಇಲ್ಲದ್ದರಿಂದ ಮಾತು ಹೊಲಿಯುತ್ತಿದ್ದರು. ಸೊಸೆ ಹೇಳಿದ್ದನ್ನೆಲ್ಲ ಕೇಳಿ ಅತ್ತೆ ತಮ್ಮ ಎರಡೂ ಕೈಗಳನ್ನು ಅಡಿಗೆಮನೆಯ ಮೇಜಿನ ಮೇಲೆ ಚಾಚಿದರು.

"ಹಾಕು."

"ಏನತ್ತೆ?"

"ಉಗುರು. ನನ್ನ ಕೈ ಮೇಲೆ ಕಲಿ. ಬಣ್ಣ ಮಾತ್ರ ಕೆಂಪು ಇರ್ಲಿ. ಸಾಯೋಕ್ ಮುಂಚೆ ಒಂದ್ಸಲ ನಾನೂ ಸಿನಿಮಾದವಳ ಥರ ಆಗ್ಬಿಡ್ತೀನಿ."

"ಪಾತ್ರೆ ತೊಳೆಯೋಕೆ ಆಗಲ್ಲ ಅತ್ತೆ ಇದ್ರಲ್ಲಿ."

"ಅದನ್ನೇ ನಾನು ಹೇಳ್ತಿರೋದು," ಎಂದರು ಅತ್ತೆ.

ಹೀಗೆ ಪಾರ್ಲರಿನ ಹಳೆಯ ದೀಪದ ಪೆಟ್ಟಿಗೆ ಮಾಲೀಕಮ್ಮನ ಅಪ್ಪಣೆ ಪಡೆದು ಮನೆಗೆ ಬಂತು. ಅತ್ತೆಯ ಸುಕ್ಕುಗಟ್ಟಿದ ಹತ್ತು ಬೆರಳಿಗೆ ಹತ್ತು ಕೆಂಪು ಉಗುರು ಬಂದವು. ಅಂದಿನಿಂದ ಮನೆಯ ಪಾತ್ರೆಗಳೆಲ್ಲ ಬಸ್ಸಿನ ಡ್ರೈವರನ ಪಾಲಾದವು. ದಿನ ಬಿಟ್ಟು ದಿನ ಬೆಳಿಗ್ಗೆ ಆರಕ್ಕೆ ನಿಧಾನಕ್ಕ ಹಳೆಯ ಜೆಲ್ಲಿನ ಮೇಲ್ಪದರವನ್ನಷ್ಟೇ ಇಳಿಸಿ ಮತ್ತೆ ಕಟ್ಟುತ್ತಿದ್ದಳು. ಅತ್ತೆಯ ಸ್ವಂತ ಉಗುರಿಗೆ ಫೈಲು ತಾಗಿಸುತ್ತಿರಲಿಲ್ಲ. ತಾಗಿಸಿದರೆ ಅದು ಕಾಗದದಷ್ಟು ತೆಳುವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅತ್ತೆ ರಾಣಿಯಂತೆ ಕೂತು ನೋಡುತ್ತಿದ್ದರು. ಸುಮ್ಮನೆ ನೋಡುವುದು ಅವರ ಜಾಯಮಾನದಲ್ಲಿರಲಿಲ್ಲ.

"ಅರುವತ್ಮೂರು," ಎಂದರು ಮೊದಲ ದಿನ.

"ಏನು ಅರುವತ್ಮೂರು?"

"ಆ ಫೈಲನ್ನ ಎತ್ತಿ ಎತ್ತಿ ಇಟ್ಟಿದ್ದು. ಒಂದು ಬೆರಳು ಉಜ್ತೀಯ, ಫೈಲು ಇಡ್ತೀಯ, ಬ್ರಶ್ಶು ತಗೋತೀಯ, ಧೂಳು ಹೊಡೀತೀಯ, ಬ್ರಶ್ಶು ಇಡ್ತೀಯ, ಸೀಸೆ ಹುಡುಕ್ತೀಯ, ಜೆಲ್ಲು ಹಾಕ್ತೀಯ, ದೀಪ. ಆಮೇಲೆ ಎರಡನೇ ಬೆರಳಿಗೆ ಮತ್ತೆ ಅದೇ ಪುರಾಣ. ನಾನು ಹಿಂಗೆ ಒಂದೊಂದೇ ಅಂಗಿ ಪೂರ್ತಿ ಹೊಲೀತಾ ಕೂತಿದ್ರೆ ನಿನ್ನ ಗಂಡ ಬರಿಮೈಯಲ್ಲೇ ಬೆಳೀತಿದ್ದ. ಎಲ್ಲ ಕಾಲರು ಮೊದಲು ಹೊಲಿ, ಆಮೇಲೆ ಎಲ್ಲ ತೋಳು."

ನಿಧಾನಕ್ಕ ಫೈಲನ್ನು ಕೈಯಲ್ಲೇ ಹಿಡಿದು ಸುಮ್ಮನೆ ಕೂತಳು. ಮೂರೂವರೆ ಗಂಟೆಯ ಬಾಣಗಳಲ್ಲಿ ಇಲ್ಲದ್ದು ಇದರಲ್ಲಿತ್ತು. ಮುಂದಿನ ಸಲ ಹತ್ತೂ ಬೆರಳಿನ ಹಳೆ ಜೆಲ್ಲನ್ನು ಒಂದೇ ಓಟದಲ್ಲಿ ಉಜ್ಜಿದಳು. ಹತ್ತರ ಧೂಳನ್ನು ಒಟ್ಟಿಗೆ ಹೊಡೆದಳು. ಎಡಗೈ ದೀಪದಲ್ಲಿರುವಾಗ ಬಲಗೈಗೆ ಜೆಲ್ಲು ಹಾಕಿದಳು. ಸೀಸೆಗಳನ್ನು ಬಳಸುವ ಸಾಲಿನಲ್ಲೇ ಜೋಡಿಸಿಟ್ಟಳು. ಒಂದು ಗಂಟೆ ಐವತ್ತು ನಿಮಿಷಕ್ಕೆ ಬಂತು.

"ಇನ್ನೂ ಕೆರೀತಾನೇ ಇದೀಯಲ್ಲ ಕೊನೇಲಿ," ಎಂದರು ಅತ್ತೆ. "ಜೆಲ್ಲು ಅಷ್ಟು ಯಾಕೆ ಸುರೀತೀಯ? ಬಟ್ಟೆ ಗೇಣುದ್ದ ಜಾಸ್ತಿ ಬಿಟ್ಟು ಹೊಲಿದು, ಆಮೇಲೆ ಕತ್ತರಿಸ್ತಾ ಕೂತ್ಕೊಂಡ ಹಾಗೆ."

ಅದೂ ನಿಜವಾಗಿತ್ತು. ಕಡಿಮೆಯಾದೀತೆಂಬ ಭಯಕ್ಕೆ ಅವಳು ದಪ್ಪವಾಗಿ ಹಾಕುತ್ತಿದ್ದಳು. ಹಾಕಿದ್ದನ್ನು ಇಳಿಸಲು ಅರ್ಧ ಗಂಟೆ ಉಜ್ಜುತ್ತಿದ್ದಳು. ಈಗ ಒಂದು ಹನಿಯನ್ನು ಬುಡದಿಂದ ಕೂದಲೆಳೆಯಷ್ಟು ಹಿಂದೆ ಇಟ್ಟು, ಬ್ರಶ್ಶಿನ ತುದಿಯಿಂದ ತಳ್ಳಿ, ಅತ್ತೆಯ ಕೈಯನ್ನು ಒಂದು ಕ್ಷಣ ಮಗುಚಿ ಹಿಡಿದಳು. ಜೆಲ್ಲು ತಾನೇ ಸಮನಾಗಿ ನಡುವಿಗೆ ಬಂದು ನಿಂತಿತು. ಸರಿಯಾದ ಜಾಗಕ್ಕೆ ಹಾಕಿದ್ದಕ್ಕೆ ಉಜ್ಜುವ ಕೆಲಸವೇ ಉಳಿಯಲಿಲ್ಲ. ಒಂದೂವರೆ ಗಂಟೆ.

ಉಳಿದದ್ದು ಮೂರನೇ ಕಾಯಿಲೆ. ಅದು ಕೈಯದಲ್ಲ, ಕಿವಿಯದು. ನಿಧಾನಕ್ಕನಿಗೆ ಯಾರಾದರೂ ಮಾತಾಡಿದರೆ ತಲೆ ಎತ್ತಿ ಅವರ ಮುಖ ನೋಡಿ ಕೇಳುವ ಅಭ್ಯಾಸ. ತಲೆ ಎತ್ತಿದರೆ ಕೈ ನಿಲ್ಲುತ್ತಿತ್ತು. ಗಿರಾಕಿಗಳು ಅವಳ ಬಳಿ ಹೊಟ್ಟೆಯಲ್ಲಿದ್ದದ್ದೆಲ್ಲ ಹೇಳಿಕೊಳ್ಳುತ್ತಿದ್ದರು. ಅವರ ನಾದಿನಿಯರ ಜಗಳಗಳೇ ದಿನಕ್ಕೆ ಒಂದು ಗಂಟೆ ತಿನ್ನುತ್ತಿದ್ದವು. ಇದಕ್ಕೂ ಅತ್ತೆ ಮದ್ದು ಕಂಡುಹಿಡಿದರು. ಕೈ ಚಾಚಿ ಕೂತು, ಕಾರ್ಖಾನೆಯಲ್ಲಿ ಯಾರು ಯಾರ ಜೊತೆ ಓಡಿಹೋದರು ಎಂಬ ಕತೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಸೊಸೆಯ ಕೈ ನಿಂತ ತಕ್ಷಣ ಕತೆ ನಿಲ್ಲಿಸುತ್ತಿದ್ದರು.

"ಆಮೇಲೆ ಏನಾಯ್ತು ಅತ್ತೆ, ಮೇಸ್ತ್ರಿ ಸಿಕ್ಕಿಬಿದ್ನಾ?"

"ಕೈ ಆಡಿಸು, ಹೇಳ್ತೀನಿ."

ಮೇಸ್ತ್ರಿ ಸಿಕ್ಕಿಬೀಳುವ ಹೊತ್ತಿಗೆ ನಿಧಾನಕ್ಕ ತಲೆ ಎತ್ತದೆ ಕೇಳುವುದನ್ನು ಕಲಿತಿದ್ದಳು. ಎಪ್ಪತ್ತೆಂಟು ನಿಮಿಷ. ಮೂರು ವಾರ ಮುಗಿದಿತ್ತು.

ಶುಕ್ರವಾರ ಒಂಬತ್ತೂವರೆಗೆ ಪಾರ್ಲರು ಪರೀಕ್ಷೆಯ ಕೋಣೆಯಂತಾಗಿತ್ತು. ಎರಡು ಮೇಜು, ಎರಡು ದೀಪ, ನಡುವೆ ಮಾಲೀಕಮ್ಮ. ಅವರು ಹೊಸ ಸೀರೆ ಉಟ್ಟಿದ್ದರು. ಪರೀಕ್ಷೆ ಬೇರೆಯವರದಾದರೆ ಹೊಸ ಸೀರೆ ಉಡುವುದು ಸುಲಭ. ಇಬ್ಬರು ಗಿರಾಕಿಗಳೂ ಅಲ್ಲಿಯವರೆಗೆ ಮಿಂಚುವಿನ ಬಳಿಯೇ ಉಗುರು ಮಾಡಿಸಿಕೊಂಡವರು, ಯಾಕೆಂದರೆ ಅವಸರ ಇರುವವರು ಯಾರೂ ನಿಧಾನಕ್ಕನ ಬಳಿ ಕೂರುತ್ತಿರಲಿಲ್ಲ. ನಿಧಾನಕ್ಕನ ಪಾಲಿಗೆ ಬಂದವರು ವಕೀಲಮ್ಮ. ಹನ್ನೊಂದೂವರೆಗೆ ಅವರಿಗೆ ಕೋರ್ಟು. ಅವರು ಬಾಯಿಗಿಂತ ಹೆಚ್ಚು ಕೈಯಲ್ಲಿ ಮಾತಾಡುವವರು.

ಗಡಿಯಾರ ಎಪ್ಪತ್ತೈದರಿಂದ ಇಳಿಯತೊಡಗಿತು.

"ನಮ್ಮ ಎದುರಿನ ಮನೆಯವನಿಗೆ ನಾನು ಏನಂದೆ ಗೊತ್ತಾ..." ಎಂದು ವಕೀಲಮ್ಮ ಬಲಗೈ ಎತ್ತಿದರು.

"ಕೈ ಇಲ್ಲಿರ್ಲಿ ಮೇಡಂ, ಹೇಳಿ, ಕೇಳ್ತಿದೀನಿ," ಎಂದಳು ನಿಧಾನಕ್ಕ, ತಲೆ ಎತ್ತದೆ, ಕೈಯನ್ನು ಗಾಳಿಯಿಂದ ಹಿಡಿದು ತಂದು ಮೇಜಿನ ಮೇಲಿಟ್ಟು. ಹತ್ತು ಬೆರಳಿನ ಬಣ್ಣ ಇಳಿಯಿತು. ಹಳೆಯ ಜೆಲ್ಲು ತೆಳುವಾಯಿತು. ಪಕ್ಕದ ಮೇಜಿನಲ್ಲಿ ಮಿಂಚು ಆಗಲೇ ಜೆಲ್ಲಿನ ಸೀಸೆ ತೆರೆದಿದ್ದಳು. ಮಾಲೀಕಮ್ಮ ಅವಳ ಹಿಂದೆ ನಿಂತು ತಲೆದೂಗುತ್ತಿದ್ದರು.

ಇಪ್ಪತ್ತೆರಡನೇ ನಿಮಿಷಕ್ಕೆ ನಿಧಾನಕ್ಕ ಎಂದಿನಂತೆ ಒಂದು ಮರದ ಕಡ್ಡಿ ತೆಗೆದುಕೊಂಡು ಒಂದೊಂದು ಉಗುರಿನ ಅಂಚನ್ನೂ ಮುಟ್ಟಿ ನೋಡಿದಳು. ಬಲಗೈಯ ಉಂಗುರದ ಬೆರಳಿನಲ್ಲಿ ಕಡ್ಡಿ ಜೆಲ್ಲಿನ ಅಡಿಗೆ ಜಾರಿತು. ಅಲ್ಲಿ ಜೆಲ್ಲು ಎದ್ದಿತ್ತು. ಹಿಂದಿನ ಸಲವೇ ಎದ್ದಿದ್ದ ಅಂಚನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಬಳಿದಿದ್ದರು. ಸಂದಿನಲ್ಲಿ ನೀರು ಹೊಕ್ಕಿತ್ತು. ಕೆಳಗಿನ ಸ್ವಂತ ಉಗುರಿನ ಮೇಲೆ ಹಸಿರು ಮಚ್ಚೆ ಮಸುಕಾಗಿ ಕಾಣುತ್ತಿತ್ತು.

ನಿಧಾನಕ್ಕನ ಕೈ ನಿಂತಿತು. ಈ ಸಲ ಕಿವಿಯ ದೆಸೆಯಿಂದ ಅಲ್ಲ.

ಪಕ್ಕದಿಂದ ಮಿಂಚು ಕಣ್ಣಂಚಲ್ಲಿ ನೋಡಿದಳು. ನೋಡಿದವಳ ಮುಖ ಸಪ್ಪಗಾಯಿತು. ತಲೆಯನ್ನು ಬೇಡ ಎನ್ನುವಂತೆ ಒಂದಿಷ್ಟೇ ಅಲ್ಲಾಡಿಸಿದಳು. ಐವತ್ತೈದು ನಿಮಿಷ ಎಲ್ಲಿಂದ ಬರುತ್ತಿತ್ತು ಎಂಬುದು ಆಗ ನಿಧಾನಕ್ಕನಿಗೆ ತಿಳಿಯಿತು. ಮಿಂಚು ಕಡ್ಡಿಯನ್ನೇ ಮುಟ್ಟುತ್ತಿರಲಿಲ್ಲ.

ಮೇಲೆ ಜೆಲ್ಲು ಬಳಿದರೆ ಎರಡು ನಿಮಿಷ. ಯಾರಿಗೂ ಕಾಣುವುದಿಲ್ಲ. ಹತ್ತು ಉಗುರು, ಕಿಟಕಿಯ ಮೇಜು, ಬೆಳಗಿನ ಬಿಸಿಲು. ಬೇಸಿನ್ನಿನ ಕಡೆಯಿಂದ ನಲ್ಲಿಯ ಹನಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಅದನ್ನು ಹನ್ನೊಂದು ವರ್ಷ ಕೇಳಿದ್ದ ಕಿವಿ ಅವಳದು.

"ಮೇಡಂ," ಎಂದಳು, "ಈ ಉಗುರಿಗೆ ನಾನು ಜೆಲ್ಲು ಹಾಕಲ್ಲ."

ವಕೀಲಮ್ಮನ ಕತೆ ಎದುರು ಮನೆಯವನ ಗೇಟಿನಲ್ಲೇ ನಿಂತಿತು. "ಯಾಕೆ?"

"ಅಡಿಯಲ್ಲಿ ನೀರು ಸೇರಿ ಹಸಿರಾಗಿದೆ, ನೋಡಿ. ಮುಚ್ಚಿದ್ರೆ ಒಳಗೇ ಬೆಳೆಯುತ್ತೆ. ಪೂರ್ತಿ ತೆಗೆದು ಖಾಲಿ ಬಿಡಬೇಕು. ಒಣಗಿರ್ಲಿ. ಹಾಗೇ ಇದ್ರೆ ಡಾಕ್ಟರಿಗೆ ತೋರಿಸಿ."

"ಒಂಬತ್ತು ಉಗುರು ಇಟ್ಕೊಂಡು ಕೋರ್ಟಿಗೆ ಹೋಗ್ಲಾ?"

"ಹತ್ತೂ ಇರ್ತಾವೆ ಮೇಡಂ. ಹತ್ತನೆಯದು ನಿಮ್ಮದೇ."

ಮಾಲೀಕಮ್ಮ ಅಲ್ಲಿಂದಲೇ, "ಮಾತು ಕಡಿಮೆ, ಕೈ ಜಾಸ್ತಿ!" ಎಂದು ಹಾಡಿದರು. ತರಬೇತಿಯವನು ಕಲಿಸಿದ ಮಾತು.

ನಿಧಾನಕ್ಕ ಆ ಉಗುರಿನ ಜೆಲ್ಲನ್ನು ಒಂಚೂರೂ ಕೀಳದೆ, ಉಜ್ಜಿ ಉಜ್ಜಿಯೇ ತೆಗೆದಳು. ಆ ಬೆರಳಿಗೆ ತಾಗಿದ ಫೈಲನ್ನೂ ಕಡ್ಡಿಯನ್ನೂ ಕಸದ ಡಬ್ಬಿಗೆ ಹಾಕಿ, ತನ್ನ ಕೈ ತೊಳೆದು, ಹೊಸ ಫೈಲು ತೆಗೆದಳು. ಹನ್ನೊಂದು ನಿಮಿಷ ಹೋಯಿತು. ಆಮೇಲೆ ಅವಳ ಕೈ ಓಡಿದ ಓಟವನ್ನು ಅತ್ತೆ ನೋಡಬೇಕಾಗಿತ್ತು. ಹನಿ, ತಳ್ಳು, ಮಗುಚು, ದೀಪ. ಈ ಕೈ ಒಳಗೆ, ಆ ಕೈ ಹೊರಗೆ. ಎದುರು ಮನೆಯವನ ಗೇಟು ಮುರಿಯಿತು, ಅವನ ನಾಯಿ ಓಡಿಹೋಯಿತು, ಕೇಸು ದಾಖಲಾಯಿತು. ನಿಧಾನಕ್ಕ ಎಲ್ಲವನ್ನೂ ಕೇಳಿದಳು, ತಲೆ ಮಾತ್ರ ಎತ್ತಲಿಲ್ಲ.

ಮಿಂಚು ಐವತ್ತೆರಡನೇ ನಿಮಿಷಕ್ಕೇ ಮುಗಿಸಿದ್ದಳು. ಮಾಲೀಕಮ್ಮ ಚಪ್ಪಾಳೆ ತಟ್ಟಿದ್ದರು. ಮಿಂಚು ಮಾತ್ರ ಅಷ್ಟೊಂದು ನಗಲಿಲ್ಲ. ನಿಧಾನಕ್ಕ ಕೊನೆಯ ಬೆರಳಿಗೆ ಎಣ್ಣೆ ಹಚ್ಚಿದಾಗ ಎಪ್ಪತ್ತೊಂದು ನಿಮಿಷ ಆಗಿತ್ತು. ಗಡಿಯಾರಕ್ಕೆ ಕೂಗಲು ಅವಕಾಶವೇ ಸಿಗಲಿಲ್ಲ.

ಮಾಲೀಕಮ್ಮ ಬಂದು ವಕೀಲಮ್ಮನ ಕೈಗಳನ್ನು ತಿರುಗಿಸಿ ಎಣಿಸಿದರು. "ಒಂಬತ್ತು!" ಎಂದರು. "ಹತ್ತು ಅಂತ ತಾನೇ ಮಾತಾಗಿದ್ದು?"

"ಹೋದ್ಸಲ ಇದನ್ನ ಮಾಡಿದ್ಯಾರು?" ಎಂದು ವಕೀಲಮ್ಮ ಬರಿ ಬೆರಳನ್ನು ಎತ್ತಿ ಹಿಡಿದು ಕೇಳಿದರು.

"ಅದು ನೀರಿಂದ ಆಗೋದು ಮೇಡಂ. ಎಲ್ಲರ ಮನೇಲೂ ನೀರಿರತ್ತೆ," ಎಂದರು ಮಾಲೀಕಮ್ಮ.

"ನೀರು ತಾನಾಗೇ ಒಳಗೆ ಹೋಗಲ್ಲ. ಬಾಗಿಲು ತೆಗೆದಿಟ್ಟವರು ಯಾರು ಅಂತ ಕೇಳ್ತಿದೀನಿ."

ಮಾಲೀಕಮ್ಮ ಗಡಿಯಾರ ನೋಡಿದರು. ಗಡಿಯಾರ ಉತ್ತರ ಹೇಳಲಿಲ್ಲ. ಆ ಬೆರಳಿಗೆ ಅಷ್ಟು ಹತ್ತಿರ ನಿಂತಿದ್ದ ಅವರು ತಮ್ಮ ಕೈಗಳನ್ನು ನಿಧಾನವಾಗಿ ಸೀರೆಯ ಸೆರಗಿನೊಳಗೆ ಸೇರಿಸಿಕೊಂಡರು. ಇದನ್ನು ನಿಧಾನಕ್ಕ ಮಾತ್ರ ನೋಡಿದಳು.

ವಕೀಲಮ್ಮ ಇಳಿದುಹೋದ ಮೇಲೆ ತೀರ್ಪು ಬಂತು. "ನಿಯಮ ಅಂದ್ರೆ ನಿಯಮ ನಿಧಾನಕ್ಕ. ನಾಳೆಯಿಂದ ಬೇಸಿನ್ನು. ನಾನು ಮಾಡಿದ್ದಲ್ಲ ಅದು."

"ಯಾರು ಮಾಡಿದ್ದು ಮೇಡಂ?"

"ಅದು... ಹಾಗೇ ಇರತ್ತೆ."

ನಿಧಾನಕ್ಕ ಸೀಸೆಗಳ ಮುಚ್ಚಳ ಬಿಗಿದು, ಬ್ರಶ್ಶುಗಳನ್ನು ಟವೆಲಿನಲ್ಲಿ ಸುತ್ತಿ, ಮೇಜನ್ನು ಒರೆಸಿದಳು. ಒಂದೇ ಸಲ ಒರೆಸಿದಳು.

ಮಧ್ಯಾಹ್ನ ಎರಡೂವರೆಗೆ ಮಿಂಚು ಊಟಕ್ಕೆ ಇಳಿದಳು. ಮಾಲೀಕಮ್ಮ ಬಾಗಿಲಿಗೆ ಚಿಲಕ ಹಾಕಿ, ತೆರೆದಿದೆ ಎಂಬ ಬೋರ್ಡನ್ನು ತಿರುಗಿಸಿಟ್ಟು, ಕಿಟಕಿಯ ಮೇಜಿನೆದುರು ಬಂದು ಕೂತರು. ಸೆರಗಿನಿಂದ ಕೈಗಳು ಹೊರಬಂದವು. ಎರಡು ವಾರಕ್ಕೊಮ್ಮೆ ತಪ್ಪದೆ ಮಿಂಚು ಐವತ್ತೇ ನಿಮಿಷದಲ್ಲಿ ನೋಡಿಕೊಳ್ಳುತ್ತಿದ್ದ ಕೈಗಳು ಅವು.

"ಒಂದ್ಸಲ ಆ ಕಡ್ಡಿ ಹಾಕಿ ನೋಡು," ಎಂದರು ಬೇರೆಲ್ಲೋ ನೋಡುತ್ತ.

ನಿಧಾನಕ್ಕ ಟವೆಲು ಬಿಚ್ಚಿದಳು. ಮೊದಲ ಬೆರಳಿನಲ್ಲಿ ಕಡ್ಡಿ ನಿಂತಿತು. ಎರಡನೆಯದರಲ್ಲಿ ಜಾರಿತು. ಮೂರನೆಯದರಲ್ಲಿ ಜಾರಿತು. ಹೆಬ್ಬೆರಳಿನಲ್ಲಿ ಅರ್ಧದವರೆಗೆ ಹೋಯಿತು. ಮಾಲೀಕಮ್ಮನ ಮುಖ ಒಂದೊಂದು ಬೆರಳಿಗೂ ಒಂದೊಂದು ಬಣ್ಣಕ್ಕೆ ತಿರುಗಿತು.

"ಹಸಿರಿದೆಯಾ?"

"ಹೆಬ್ಬೆರಳಲ್ಲಿ ಸ್ವಲ್ಪ."

"ಅಯ್ಯೋ! ಎಲ್ಲ ಸರಿಯಾಗಿ ನೋಡೇ. ಅವಸರ ಮಾಡ್ಬೇಡ. ನಿಧಾನವಾಗಿ ಮಾಡು."

ಆ ಮಾತು ತಮ್ಮ ಬಾಯಿಂದಲೇ ಬಂದದ್ದು ಮಾಲೀಕಮ್ಮನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವರೇ ಎದ್ದು ಹೋಗಿ ಗಡಿಯಾರದ ವೈರನ್ನು ಗೋಡೆಯಿಂದ ಕಿತ್ತಿದ್ದರು. ಅದರ ಕೆಂಪು ಅಂಕಿ ಇಳಿಯುವುದನ್ನು ನೋಡಿದರೆ ತಮಗೆ ಎದೆ ಹೊಡೆದುಕೊಳ್ಳುತ್ತದಂತೆ.

ನಿಧಾನಕ್ಕ ಹೆಬ್ಬೆರಳನ್ನು ಬರಿದಾಗಿ ಬಿಟ್ಟು, ಒಂಬತ್ತನ್ನು ಸರಿಮಾಡಿ ಎಣ್ಣೆ ಹಚ್ಚಿದಳು. ಮಾಲೀಕಮ್ಮ ಕೈಗಡಿಯಾರ ನೋಡಿ ಗಾಬರಿಯಾದರು.

"ಒಂದೂಕಾಲು ಗಂಟೆನೂ ಆಗಿಲ್ಲ! ಇಷ್ಟು ಬೇಗ ಹೇಗೆ ಮುಗೀತು? ಏನಾದ್ರೂ ಬಿಟ್ಟೆಯಾ?"

"ಬಿಟ್ಟಿಲ್ಲ ಮೇಡಂ. ಫೈಲನ್ನ ಮನಸ್ಸಲ್ಲಿ ಹಿಡ್ಕೊಂಡೆ."

ಮಾಲೀಕಮ್ಮ ತಲೆದೂಗಿ, ತರಬೇತಿಯ ದುಡ್ಡು ದಂಡವಾಗಲಿಲ್ಲ ಎಂದರು. ಬಾಗಿಲು ತೆರೆಯುತ್ತ, "ಬೇಸಿನ್ನಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ನೀನು ಇಲ್ಲೇ ಇರು. ಎರಡು ವಾರಕ್ಕೊಮ್ಮೆ ನನ್ನ ಕೈ ನಿಂದೇ," ಎಂದರು. ಸೋಮವಾರ ಗೋಡೆಯ ಮೇಲೆ ಹೊಸ ಬೋರ್ಡು ಬಂತು: ಪ್ರತಿ ಉಗುರನ್ನೂ ಕಡ್ಡಿ ಹಾಕಿ ಪರೀಕ್ಷಿಸಲಾಗುವುದು. ಇದು ತಮಗೆ ಬಹಳ ದಿನಗಳಿಂದ ಇದ್ದ ಆಲೋಚನೆ ಎಂದು ಮಾಲೀಕಮ್ಮ ಎಲ್ಲರಿಗೂ ಹೇಳಿದರು. ಅದಕ್ಕೂ ಒಬ್ಬ ತರಬೇತಿಯವನನ್ನು ಕರೆಸುವ ಮಾತಿತ್ತು.

ಮಿಂಚು ತನ್ನ ಕುರ್ಚಿಯನ್ನು ಕಿಟಕಿಯ ಕಡೆ ಸರಿಸಿಕೊಂಡು ಬಂದಳು. "ಅಕ್ಕ, ಬೇಗ ಮಾಡಿದ್ರೆ ಚಪ್ಪಾಳೆ ಹೊಡೀತಿದ್ರಲ್ಲ, ಅದಕ್ಕೇ... ಆ ಕಡ್ಡಿ ಹೇಗೆ ಹಾಕೋದು ತೋರಿಸ್ತೀಯಾ?"

"ತೋರಿಸ್ತೀನಿ. ಚಪ್ಪಾಳೆ ಮಾತ್ರ ಹೊಡೆಯಲ್ಲ," ಎಂದಳು ನಿಧಾನಕ್ಕ.

ಪರೀಕ್ಷೆಯಾದ ಆ ಶುಕ್ರವಾರ ಸಂಜೆಯೇ ಮನೆಯಲ್ಲಿ ಅತ್ತೆ ತಮ್ಮ ಕೆಂಪು ಉಗುರುಗಳನ್ನು ಹರಡಿಕೊಂಡು ಕಾದಿದ್ದರು. ಗಂಡ ಪಾತ್ರೆ ತೊಳೆಯುತ್ತಿದ್ದ. ನಿಧಾನಕ್ಕ ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಅತ್ತೆ ತಲೆ ಎತ್ತಿ, ಸೊಸೆಯ ಮುಖವನ್ನೇ ನೋಡುತ್ತ ಕೇಳಿದರು.

"ಎಪ್ಪತ್ತೊಂದಾ? ಫೈಲು ಎಷ್ಟು ಸಲ ಎತ್ತಿದೆ?"

"ಎಣಿಸಲಿಲ್ಲ ಅತ್ತೆ."

"ಅದಕ್ಕೇ ಅರುವತ್ತಕ್ಕೆ ಬಂದಿಲ್ಲ," ಎಂದು ಅತ್ತೆ ಎರಡೂ ಕೈಗಳನ್ನು ಮೇಜಿನ ಮೇಲೆ ಮುಂದಕ್ಕೆ ಚಾಚಿದರು. "ಬುಡದಲ್ಲಿ ಖಾಲಿ ಕಾಣ್ತಿದೆ ನೋಡು. ತುಂಬು."